ದ್ವೀಪಕ್ಕೆ ಬೆಳಕು ಕೊಟ್ಟವರ ಹೆಂಡತಿ

ನಮ್ಮ ಮನೆಯ ತಿರುವಿನಲ್ಲಿ, ತರಕಾರಿ ಗಾಡಿ ನಿಲ್ಲುವ ಜಾಗದಲ್ಲಿ, ನಮ್ಮನೆಯವರ ಫ್ಲೆಕ್ಸ್ ಕಟ್ಟಿದ್ದರು. ಆಳೆತ್ತರದ್ದು. ಹಳದಿ ಕೆಂಪು ಬಣ್ಣ, ಮೇಲೆ ಭುವನೇಶ್ವರಿ ತಾಯಿ, ಕೆಳಗೆ ಇವರ ಮುಖ, ಮುಖದ ಸುತ್ತ ಸೂರ್ಯನ ಕಿರಣ. 'ಕಡಲಾಚೆಯ ದ್ವೀಪಕ್ಕೆ ಬೆಳಕು ಕೊಟ್ಟ ನಮ್ಮ ವಿದ್ಯಾನಗರದ ಹೆಮ್ಮೆಯ ಕನ್ನಡಿಗರಿಗೆ ರಾಜ್ಯೋತ್ಸವದ ಸನ್ಮಾನ' ಎಂದು ಬರೆಸಿದ್ದರು. ಫೋಟೋ ನನ್ನ ಮೈದುನನ ಮದುವೆಯದು. ಪಕ್ಕದಲ್ಲಿ ನಿಂತಿದ್ದ ನನ್ನನ್ನು ಕತ್ತರಿಸಿ ತೆಗೆದಿದ್ದರು, ಸದ್ಯ. ಬೀನ್ಸ್ ಕೊಳ್ಳಲು ಹೋದರೆ ಗಾಡಿಯವನು, "ಬರ್ರಿ ಅಕ್ಕಾರೆ, ಇನ್ಮ್ಯಾಲೆ ನಿಮ್ಗೆ ತೂಕ ಮಾಡಾಕೂ ಹೆದ್ರಿಕಿ ಆಗ್ತೈತೆ, ದೊಡ್ಡೋರಾದ್ರಿ" ಎಂದು ನಕ್ಕ. ನಾನೂ ಹಲ್ಲು ಕಿರಿದೆ. ಮನೆಗೆ ಬಂದು ಬಾಗಿಲು ಹಾಕಿಕೊಂಡು ಅತ್ತುಬಿಟ್ಟೆ.

ಯಾಕೆಂದರೆ ಆ ದ್ವೀಪವನ್ನು ಕತ್ತಲಲ್ಲಿ ಮುಳುಗಿಸಿದ್ದಕ್ಕೇ ಇವರನ್ನು ಮನೆಗೆ ಅಟ್ಟಿದ್ದರು. ಈ ಸಂಗತಿ ನಮ್ಮ ಬೀದಿಯಲ್ಲಿ ಮೂವರಿಗೆ ಮಾತ್ರ ಗೊತ್ತಿತ್ತು. ನನಗೆ, ಇವರಿಗೆ, ನಮ್ಮ ಅತ್ತೆಗೆ. ಉಳಿದವರ ಪಾಲಿಗೆ ಇವರು ರಜೆ ಹಾಕಿ ಊರಿಗೆ ಬಂದ ಸಾಹೇಬರು.

ನಮ್ಮನೆಯವರದು ಸಮುದ್ರದ ನಡುವಿನ ಒಂದು ಪುಟ್ಟ ದ್ವೀಪದಲ್ಲಿ, ಕರೆಂಟ್ ತಯಾರಿಸುವ ಸ್ಟೇಷನ್ನಿನಲ್ಲಿ ಕೆಲಸ. ಮೊದಲು ಹರಿಹರದ ಒಂದು ಕಾರ್ಖಾನೆಯಲ್ಲಿ ಜನರೇಟರ್ ನೋಡಿಕೊಳ್ಳುತ್ತಿದ್ದರು. ಅಲ್ಲಿ ಕಲಿತ ವಿದ್ಯೆಯೇ ಅಷ್ಟು ದೂರ ಕರೆದೊಯ್ದಿತು. ಆ ಸ್ಟೇಷನ್ ಗ್ಯಾಸಿನಿಂದ ನಡೆಯುತ್ತದೆ. ಗ್ಯಾಸಿನ ಹಡಗು ಬರುವುದು ತಡವಾದರೆ ಎಣ್ಣೆಯಿಂದಲೂ ನಡೆಯುತ್ತದೆ. "ಹರಿಹರದಿಂದ ದಾವಣಗೆರೆಗೆ ಬಂದಷ್ಟೂ ಉದ್ದ ಇಲ್ಲ ನೋಡೇ ಆ ಊರು, ಆದ್ರೆ ನಾವು ಕೈಬಿಟ್ರೆ ಅವ್ರಿಗೆ ಇನ್ನೊಬ್ರಿಲ್ಲ" ಎನ್ನುತ್ತಿದ್ದರು. ನಮಗಾದರೋ ಒಂದು ಕಡೆಯ ಕರೆಂಟ್ ಕೈಕೊಟ್ಟರೆ ಇನ್ನೊಂದು ಕಡೆಯಿಂದ ತಂತಿಯಲ್ಲಿ ಬರುತ್ತದೆ. ಆ ದ್ವೀಪಕ್ಕೆ ಸುತ್ತ ನೀರು. ಈ ಒಂದು ಸ್ಟೇಷನ್ ನಿಂತರೆ ಆಸ್ಪತ್ರೆ, ಹೋಟೆಲು, ಶಾಲೆ ಎಲ್ಲ ಕತ್ತಲು. ಕಡಲಿನ ಉಪ್ಪುನೀರನ್ನು ಕುಡಿಯುವ ನೀರು ಮಾಡುವ ಯಂತ್ರವೂ ಕರೆಂಟಿನದೇ. ಅದೂ ನಿಂತರೆ ಸುತ್ತ ಸಮುದ್ರ ಇಟ್ಟುಕೊಂಡು ಗಂಟಲು ಒಣಗಿಸಿಕೊಂಡು ಕೂರಬೇಕು.

ಹಿಂದೆಲ್ಲ ರಜೆಗೆ ಬಂದಾಗ ನಮ್ಮಲ್ಲಿ ಕರೆಂಟ್ ಹೋದರೆ ಸಾಕು, ಇವರು ಎದ್ದು ನಿಂತುಬಿಡುತ್ತಿದ್ದರು. ನಾವು ದಾವಣಗೆರೆಯವರು ಮಾಡುವುದಿಷ್ಟೇ: ಬಾಗಿಲಿಗೆ ಬಂದು, ಎದುರುಮನೆಯಲ್ಲೂ ಹೋಗಿದೆಯೋ ನೋಡುತ್ತೇವೆ. ಅಲ್ಲೂ ಹೋಗಿದ್ದರೆ ಸಮಾಧಾನ. ಇವರಿಗೆ ಮಾತ್ರ ಆ ಸಮಾಧಾನ ಇರಲಿಲ್ಲ. ಯಾರದೋ ಮನೆಯ ಫ್ಯಾನ್ ನಿಂತಿದ್ದಕ್ಕೆ ತಾವೇ ಕಾರಣವೇನೋ ಎಂಬಂತೆ ಅಂಗಳದಲ್ಲಿ ತಿರುಗಾಡುವರು. "ಕುಂತ್ಕಳ್ರಿ, ಇದೇನು ನಿಮ್ಮ ದ್ವೀಪ ಅಲ್ಲ" ಎಂದು ನಾನು ರೇಗಿಸುತ್ತಿದ್ದೆ. ಆದರೆ ಒಳಗೊಳಗೇ ಹೆಮ್ಮೆಪಡುತ್ತಿದ್ದೆ, ಸುಳ್ಳೇಕೆ ಹೇಳಲಿ. ನನ್ನ ಗಂಡ ಇಷ್ಟು ನಿಯತ್ತಿನವನು ಎಂದು.

ಅದೇ ಸ್ಟೇಷನ್ನಿನಲ್ಲಿ, ಇವರದೇ ಶಿಫ್ಟಿನಲ್ಲಿ, ಹರಿಹರದ ಒಬ್ಬರು ಫಿಟ್ಟರ್ ಆಗಿದ್ದರು. ನಮ್ಮ ಮನೆಯಲ್ಲಿ ಅವರನ್ನು ಕರೆಯುವುದೇ ಹರಿಹರದವರು ಎಂದು. ಹರಿಹರದ ಕಾರ್ಖಾನೆಯಲ್ಲಿ ಇವರ ಕೈಕೆಳಗೆ ಇದ್ದವರು. ಆಮೇಲೆ ಇವರೇ ಮಾತಾಡಿ ಅಲ್ಲಿಗೂ ಕರೆಸಿಕೊಂಡರು. ಅವರ ಹೆಂಡತಿ ಹರಿಹರದ ಮನೆಯಲ್ಲಿ ಬ್ಲೌಸ್ ಹೊಲಿಯುತ್ತಾಳೆ. ಮಗಳು ನಮ್ಮೂರಲ್ಲೇ ನರ್ಸಿಂಗ್ ಓದುತ್ತಾಳೆ. ಆ ಹೆಂಗಸು ನನ್ನನ್ನು ಅಕ್ಕಾರೆ ಎನ್ನುತ್ತಾಳೆ, ಇವರನ್ನು ಅಣ್ಣಾರು ಎನ್ನುತ್ತಾಳೆ. ಆ ಅಣ್ಣಾರು ಎಂಬ ಶಬ್ದ ಅವಳ ಬಾಯಲ್ಲಿ ದೇವರ ಹೆಸರಿನ ಹಾಗೆ ಕೇಳುತ್ತಿತ್ತು.

ಆಯುಧ ಪೂಜೆ ಅಂದರೆ ದಾವಣಗೆರೆಯಲ್ಲಿ ಯಂತ್ರಗಳ ಹಬ್ಬ. ಮಂಡಿಪೇಟೆಯ ತಕ್ಕಡಿಯಿಂದ ಹಿಡಿದು ಮಂಡಕ್ಕಿ ಭಟ್ಟಿಯ ಮಷೀನಿನವರೆಗೆ ಎಲ್ಲಕ್ಕೂ ಅವತ್ತು ಮೈ ತೊಳೆದು ವಿಭೂತಿ, ಕುಂಕುಮ, ಚೆಂಡುಹೂವು. ನಮ್ಮ ಅತ್ತೆಯಂತೂ ಮಿಕ್ಸಿಗೂ ವಿಭೂತಿ ಬಳಿದು, ಅವತ್ತು ಚಟ್ನಿಯನ್ನು ಒರಳಲ್ಲಿ ರುಬ್ಬಿಸುತ್ತಾರೆ. ಇವರು ಕಡಲು ದಾಟಿದರೂ ಈ ಪೂಜೆ ಬಿಟ್ಟವರಲ್ಲ. ಅಲ್ಲಿನ ಹಳೆಯ ಎಣ್ಣೆ ಎಂಜಿನ್ನುಗಳಿಗೆ ಪ್ರತಿ ವರ್ಷ ಹೂ ಹಾಕುವುದು, ಯಾರೂ ಇಲ್ಲದ ಹೊತ್ತು ನೋಡಿ ಒಂದು ಬಿಲ್ಲೆ ಕರ್ಪೂರ ಬೆಳಗಿ ಥಟ್ಟನೆ ಆರಿಸುವುದು. ಒಳಗೆ ಬೆಂಕಿಪೊಟ್ಟಣ ಒಯ್ಯಬಾರದು, ಫೋನ್ ಒಯ್ಯಬಾರದು ಎಂದು ಗೋಡೆ ಗೋಡೆಗೂ ಬರೆದಿದ್ದಾರಂತೆ. ಆದರೂ ಆ ಹಳೆಯ ಎಂಜಿನ್ನುಗಳು ಇವರನ್ನು ಹೇಗೋ ಸಹಿಸಿಕೊಂಡಿದ್ದವು.

ಈ ಸಲ ಹೊಸ ಗ್ಯಾಸಿನ ಎಂಜಿನ್ ಬಂದಿತ್ತು. ಅದಕ್ಕೆ ಮೊದಲನೇ ಪೂಜೆ. ಅತ್ತೆಗೆ ಅದನ್ನು ಕಣ್ಣಾರೆ ನೋಡುವ ಆಸೆ. ವಿಡಿಯೋ ಕಾಲ್ ಬಂತು. ಅಲ್ಲಿ ಫೋನ್ ಹಿಡಿದಿದ್ದವರು ಹರಿಹರದವರು. ಎರಡು ಕೈಯಲ್ಲೂ ಭದ್ರವಾಗಿ ಹಿಡಿದು, "ಅಮ್ಮಾ, ಕಾಣ್ತೈತಾ? ಇನ್ನೂ ಹತ್ರ ಬರ್ಲಾ?" ಎಂದು ಎಂಜಿನ್ನಿನ ಸದ್ದಿಗೆ ಕೂಗಿ ಕೂಗಿ ಕೇಳುತ್ತಿದ್ದರು. ನಾವಿಬ್ಬರೂ ದೇವರ ಕೋಣೆಯ ಮುಂದೆ ಕೂತು ನೋಡುತ್ತಿದ್ದೆವು. ನೀಲಿ ಬಣ್ಣದ ದೊಡ್ಡ ಯಂತ್ರ. ಅದರ ಹೊಟ್ಟೆಗೆ ಮೂರು ಬೆರಳಿನ ವಿಭೂತಿ. ಕೊರಳು ಎಲ್ಲಿದೆಯೋ ಗೊತ್ತಾಗದೆ ಒಂದು ಪೈಪಿಗೆ ಹೂವಿನ ಹಾರ. ಇವರು ಯೂನಿಫಾರ್ಮಿನ ಮೇಲೆ ಕೇಸರಿ ವಲ್ಲಿ ಹೊದ್ದುಕೊಂಡು ಮದುಮಗನಂತೆ ನಿಂತಿದ್ದರು.

"ಆರತಿ ಬೆಳಗಪ್ಪಾ, ಕಣ್ತುಂಬ ನೋಡ್ತೀನಿ" ಎಂದರು ಅತ್ತೆ.

ಇವರು ಜೇಬಿನಿಂದ ಲೈಟರ್ ತೆಗೆದು ಕರ್ಪೂರ ಹಚ್ಚಿದರು. ಇವರೇ. ಇವರ ಬಲಗೈ, ಇವರ ಬೆರಳಿನ ಹವಳದ ಉಂಗುರ. ನಾನೂ ಅತ್ತೆಯೂ ಫೋನಿಗೆ ಕೈ ಮುಗಿದೆವು. ಮುಗಿದ ಕೈ ಬಿಡುವುದರೊಳಗೆ ಅಲ್ಲಿ ಕೆಂಪು ದೀಪ ಗರಗರ ತಿರುಗಿತು, ಕಿವಿ ಹರಿಯುವ ಹಾಗೆ ಏನೋ ಕಿರುಚಿತು, "ಓಡ್ರಿ ಅಣ್ಣಾರೆ" ಎಂದು ಹರಿಹರದವರು ಕೂಗಿದರು, ಫೋನ್ ಕತ್ತಲಾಯಿತು.

"ಥೂ, ಮಂಗಳಾರತಿ ಹೊತ್ತಿಗೇ ನೆಟ್‌ವರ್ಕ್ ಹೋತಲ್ಲ" ಎಂದು ಅತ್ತೆ ಗೊಣಗಿದರು.

ಹೋಗಿದ್ದು ನೆಟ್‌ವರ್ಕ್ ಅಲ್ಲ ಎಂದು ಮರುದಿನ ಗೊತ್ತಾಯಿತು. ಆ ಹೊಸ ಎಂಜಿನ್ನಿಗೆ ಬೆಂಕಿ ಪತ್ತೆಹಚ್ಚುವ ಸೆನ್ಸರ್ ಕಣ್ಣುಗಳಿದ್ದವಂತೆ. ಎಲ್ಲಿ ಉರಿ ಕಂಡರೂ ತನಗೇ ಬೆಂಕಿ ಬಿತ್ತೆಂದು ತಿಳಿದು ತಾನಾಗಿ ನಿಂತುಬಿಡುತ್ತದೆ. ಅದು ಹೊತ್ತಿದ್ದ ಭಾರವೆಲ್ಲ ಒಮ್ಮೆಲೇ ಹಳೆಯ ಎಂಜಿನ್ನುಗಳ ಮೇಲೆ ಬಿದ್ದು, ಅವೂ ಒಂದರ ಹಿಂದೆ ಒಂದು ಕೈ ಚೆಲ್ಲಿದವು. ಇಡೀ ದ್ವೀಪ ಕತ್ತಲು. ಮತ್ತೆ ಎಲ್ಲವನ್ನೂ ಎಬ್ಬಿಸಿ ನಿಲ್ಲಿಸುವುದರಲ್ಲಿ ಸಂಜೆಯಾಯಿತಂತೆ. ಪುಣ್ಯಕ್ಕೆ ಆಸ್ಪತ್ರೆಯಲ್ಲಿ ಸಣ್ಣ ಜನರೇಟರ್ ಇತ್ತು, ಯಾರ ಜೀವಕ್ಕೂ ಏನೂ ಆಗಲಿಲ್ಲ. ಒಂದು ಬಿಲ್ಲೆ ಕರ್ಪೂರ! ನಮ್ಮ ಹಳೆಪೇಟೆಯ ಯಾವ ಅಂಗಡಿಯಲ್ಲಿ ಕೇಳಿದರೂ ಡಬ್ಬಿಯಿಂದ ಎಣಿಸಿ ಕೊಡುವಂಥದ್ದು. ಬೇರೆ ಯಾವ ದೇಶದವನಿಗೆ ಹೊಳೆಯಬೇಕು ಗ್ಯಾಸಿನ ಯಂತ್ರದ ಮುಂದೆ ಬೆಂಕಿ ಹಚ್ಚಿ ಒಳ್ಳೆಯದು ಮಾಡಪ್ಪಾ ಎಂದು ಬೇಡುವುದು? ನಮಗೇ ಹೊಳೆಯಬೇಕು.

ಕಂಪನಿಯವರು ಇಬ್ಬರನ್ನೂ ಕೂರಿಸಿ ಬೇರೆ ಬೇರೆಯಾಗಿ ವಿಚಾರಿಸಿದರು. ತೀರ್ಮಾನ ಆಗುವವರೆಗೆ ಮನೆಯಲ್ಲಿರಿ ಎಂದು ಇಬ್ಬರನ್ನೂ ವಿಮಾನ ಹತ್ತಿಸಿದರು. ಮತ್ತೆ ಕರೆಯುತ್ತಾರೋ, ಇಲ್ಲ ಅಲ್ಲಿಗೇ ಮುಗಿಯಿತೋ, ಅದೊಂದೇ ಈಗ ಎರಡು ಮನೆಗಳ ಚಿಂತೆ. ಒಂದು ವಿದ್ಯಾನಗರದಲ್ಲಿ, ಒಂದು ಹರಿಹರದಲ್ಲಿ.

ಇವರು ಬಂದ ಮೇಲೆ, ಕರೆಂಟ್ ಹೋದರೂ ಈಗ ಎದ್ದು ನಿಲ್ಲುತ್ತಿರಲಿಲ್ಲ. ಕೂತಲ್ಲೇ ಕೂತಿರುತ್ತಿದ್ದರು. ಅಕ್ಕಪಕ್ಕದವರು ಕೇಳಿದರೆ, "ರಜಾ ಭಾಳ ಉಳಿದಿತ್ತಂತೆ, ತಗೊಂಡ್ಬಿಟ್ಟಾರೆ" ಎಂದು ಅತ್ತೆಯೇ ಸುಳ್ಳಿನ ಬಾಗಿಲು ತೆಗೆದರು. ನಾನು ಆ ಬಾಗಿಲಲ್ಲಿ ದಿನಾ ಹೋಗಿ ಬರತೊಡಗಿದೆ. ಹಾಲಿನವನಿಗೆ ಒಂದು ಸಲ, ನಮ್ಮ ಹೆಂಗಸರ ಸಂಘದಲ್ಲಿ ಒಂದು ಸಲ, ಬಸ್ಸಿನಲ್ಲಿ ಸಿಕ್ಕ ಹಳೆಯ ಗೆಳತಿಗೆ ಒಂದು ಸಲ. ಹೇಳಿ ಹೇಳಿ ನಾಲಿಗೆಗೆ ನುಣುಪಾಯಿತು. ಅಷ್ಟರಲ್ಲಿ ನಮ್ಮ ಬಡಾವಣೆ ಸಂಘದ ಅಧ್ಯಕ್ಷರು ಮನೆಗೆ ಬಂದರು. ಮಂಡಿಪೇಟೆಯಲ್ಲಿ ಒಣಮೆಣಸಿನಕಾಯಿ ಸಗಟು ವ್ಯಾಪಾರ ಅವರದು. ಬಂದರೆ ಮನೆಗೆಲ್ಲ ಸಣ್ಣಗೆ ಮೆಣಸಿನಕಾಯಿ ಘಾಟು, ಸೀನು. ಮನಸ್ಸು ಮಾತ್ರ ಬೆಣ್ಣೆ.

"ಸಾಹೇಬ್ರೇ, ಈ ಸಲ ರಾಜ್ಯೋತ್ಸವಕ್ಕೆ ನಿಮಗೇ ಸನ್ಮಾನ. ಕಮಿಟ್ಯಾಗೆ ಎಲ್ರೂ ಜೈ ಅಂದಾರೆ" ಎಂದರು.

"ಬ್ಯಾಡ್ರಿ, ನಾನೇನು ಮಾಡೀನಿ ಅಂತ."

"ಆಹಾ, ಕೇಳ್ರಿ ಮಾತ! ನಮ್ ಏರಿಯಾದಾಗೆ ಒಂದ್ ಟ್ರಾನ್ಸ್‌ಫಾರ್ಮರ್ ಸುಟ್ರೆ ಹಗಲೆಲ್ಲಾ ಕಾಯಬೇಕು. ನೀವು ಒಂದ್ ಊರಿಗೂರೇ ಬೆಳಕು ಕೊಡ್ತೀರಿ. ಏನಮ್ಮಾ, ನೀವಾದ್ರೂ ಹೇಳ್ರಿ ಇವ್ರಿಗೆ."

"ಚಾ ಕುಡೀರಿ" ಎಂದೆ. ಇವರು ಇನ್ನೊಂದು ಸಲ ಬ್ಯಾಡ್ರಿ ಎಂದರು. ಮೂರನೇ ಸಲಕ್ಕೆ ಸುಮ್ಮನಾದರು. ಅಧ್ಯಕ್ಷರು ಅದನ್ನೇ ಒಪ್ಪಿಗೆ ಎಂದು ತಿಳಿದು, ಫ್ಲೆಕ್ಸಿಗೆ ಫೋಟೋ ಕೇಳಿ, ಸೀನುತ್ತಿದ್ದ ನಮ್ಮನ್ನು ಬಿಟ್ಟು ಹೊರಟುಹೋದರು. ಬಾಗಿಲು ಹಾಕಿ ನಾನು ಇವರ ಮುಖ ನೋಡಿದೆ. ನಾಚಿಕೆ ಆಗಲ್ವಾ ನಿಮಗೆ ಎಂದು ಬಾಯಿಗೆ ಬಂದಿತ್ತು. ಆದರೆ ಇವರ ಮುಖ ನೋಡಿ ಪಾಪ ಎನಿಸಿತು. ಕರೆ ಬರುತ್ತದೋ ಇಲ್ಲವೋ ಎಂದು ಒಳಗೇ ಸವೆಯುತ್ತಿರುವ ಮನುಷ್ಯನಿಗೆ ಜನ ಒಂದು ಶಾಲು ಹೊದಿಸಿದರೆ ಹೊದಿಸಲಿ ಎಂದುಕೊಂಡೆ.

ಸನ್ಮಾನದ ಹಿಂದಿನ ದಿನ ಕರೆ ಬಂತು. ನಾನು ಅಡುಗೆಮನೆಯಲ್ಲಿ ರೊಟ್ಟಿ ತಟ್ಟುತ್ತಿದ್ದೆ. ಪಡಸಾಲೆಯಲ್ಲಿ ಇವರು ಇಂಗ್ಲಿಷಿನಲ್ಲಿ ಎಸ್ ಸರ್, ಥ್ಯಾಂಕ್ಯೂ ಸರ್ ಎನ್ನುವುದು ಕೇಳಿತು. ಓಡಿ ಬಂದರು. ಕಣ್ಣಲ್ಲಿ ನೀರು. "ಕರ್ದಾರೆ ಕಣೇ. ವಾರ್ನಿಂಗ್ ಕೊಟ್ಟು ಬಿಟ್ಟಾರೆ. ಮುಂದಿನ ವಾರ ಹೊರಡ್ಬೇಕು." ಅತ್ತೆ ಅಲ್ಲೇ ಬಗ್ಗಿ ನೆಲಕ್ಕೆ ಹಣೆ ಹಚ್ಚಿದರು. ಹಿಟ್ಟಿನ ಕೈಯಲ್ಲೇ ನಾನೂ ಇವರ ಕೈ ಹಿಡಿದುಕೊಂಡೆ. ನನಗೆ ಆದ ಸಂತೋಷವನ್ನು ಈಗ ಇಲ್ಲ ಎನ್ನಲಾರೆ. ಹೋದ ಜೀವ ಬಂದಂತಾಯಿತು. ಸಿಹಿ ಮಾಡಬೇಕೆಂದು ಬೆಲ್ಲದ ಡಬ್ಬಿಗೆ ಕೈ ಹಾಕಿದ ಮೇಲೆ ನೆನಪಾಗಿ ಕೇಳಿದೆ.

"ಹರಿಹರದವ್ರಿಗೆ ಹೇಳಿದ್ರಾ? ಅವ್ರಿಗೂ ಕರೆ ಬಂದಿರಬೇಕಲ್ಲ?"

ಇವರು ಕೊಡದಲ್ಲಿ ನೀರು ಇದೆಯೋ ಎಂದು ಇಣುಕಿದರು. ಲೋಟ ತೆಗೆದುಕೊಂಡರು. ನೀರು ಕುಡಿಯಲಿಲ್ಲ.

"ಅವನ್ನ ಬ್ಯಾಡ ಅಂದಾರೆ."

"ಯಾಕ? ನಿಮ್ಮನ್ನ ಬಿಟ್ಟು ಅವ್ರನ್ನ ಯಾಕ? ಅವ್ರು ಬರೀ ಫೋನ್ ಹಿಡ್ಕಂಡಿದ್ರು."

"ಹಚ್ಚಿದ್ದು ತಾನೇ ಅಂತ ಅವ್ನು ಒಪ್ಕಂಡಾನೆ."

ಬೆಲ್ಲದ ಡಬ್ಬಿ ಮುಚ್ಚಿದೆ. "ಹಚ್ಚಿದ್ದು ನೀವಲ್ರೀ! ನಾನು ನೋಡೀನಿ, ಅತ್ತೆ ನೋಡ್ಯಾರೆ. ಅವ್ರು ಯಾಕ ಒಪ್ಕಂತಾರೆ?"

ಆಮೇಲೆ ಒಂದೊಂದೇ ಹೊರಬಂತು. ಅವತ್ತೇ, ಇನ್ನೂ ದೀಪಗಳು ಬರುವ ಮೊದಲೇ, ಇವರು ಅವರನ್ನು ಒಂದು ಮೂಲೆಗೆ ಕರೆದು ಮಾತಾಡಿದ್ದರಂತೆ. ಇಬ್ಬರೂ ಹೋದರೆ ಇಬ್ಬರ ಮನೆಯೂ ಹಾಳು. ಒಬ್ಬ ಉಳಿದರೆ ಇನ್ನೊಬ್ಬನನ್ನು ಎಳೆದುಕೊಳ್ಳಬಹುದು. ನಾನು ಹಿರಿಯ, ನನ್ನ ಮಾತು ಅಲ್ಲಿ ನಡೆಯುತ್ತದೆ, ನಾನು ಉಳಿದರೆ ನಿನ್ನನ್ನು ಖಂಡಿತ ಮತ್ತೆ ಕರೆಸಿಕೊಳ್ಳುತ್ತೇನೆ ಎಂದಿದ್ದರಂತೆ. ಸ್ಟೇಷನ್ನಿನ ಕಾವಲು ಕ್ಯಾಮೆರಾದಲ್ಲಿ ಕಂಡಿದ್ದು ಇಬ್ಬರ ಬೆನ್ನು ಮಾತ್ರ, ಹಚ್ಚಿದ್ದು ಯಾರೆಂದು ತಿಳಿಯುವಂತಿರಲಿಲ್ಲ. ಹರಿಹರದವರು ಆಯ್ತು ಅಣ್ಣಾರೆ ಎಂದರಂತೆ. ಎರಡನೇ ಮಾತಾಡಲಿಲ್ಲವಂತೆ. ಇದನ್ನು ಇವರು ಹೇಳಿದ ರೀತಿ ನೋಡಬೇಕಿತ್ತು, ಇಬ್ಬರೂ ಕೂಡಿ ಒಂದು ಜಾಣತನದ ಕೆಲಸ ಮಾಡಿದಂತೆ.

ನನಗೆ ಸಿಟ್ಟು ಬಂದರೆ ಪಾತ್ರೆಗಳಿಗೆ ಉಳಿಗಾಲವಿಲ್ಲ. ಅವತ್ತು ಹಂಚು ಒಲೆಯ ಮೇಲಿನಿಂದ ನೆಲಕ್ಕೆ ಹೋಯಿತು. "ಅನ್ನ ಹಾಕಿದ ಕೈ ಅಂತ ಅವ್ರು ನಿಮಗೆ ತಲೆ ಬಾಗಿದ್ರೆ, ಆ ತಲೆ ಮ್ಯಾಲೇ ಕಲ್ಲು ಹೇರಿದ್ರಲ್ಲ! ಯಾವ ಬಾಯಲ್ಲಿ ಅವ್ರನ್ನ ತಮ್ಮ ಅಂತಿದ್ರಿ?" ಎಂದೆ.

"ಹಂಗಾದ್ರೆ ನಾನು ಮನೇಲಿ ಕುಂದ್ರಬೇಕಿತ್ತೇನು? ಹೇಳು. ನಾನು ಕುಂತಿದ್ರೆ ನಿನಗೆ ಚಂದ ಕಾಣ್ತಿತ್ತೇನು?" ಎಂದರು ಇವರು.

ಅತ್ತೆ ನಡುವೆ ಬಂದರು. "ಏ ಸುಮ್ನಿರಮ್ಮ, ಅವ್ನೇನು ಕರಿಸ್ಕಳಲ್ಲ ಅಂದಾನಾ? ಕರಿಸ್ಕಂತಾನೆ ತಗೋ. ನಾಳೆ ನಾಕ್ ಜನದ ಮುಂದೆ ಹೋಗಾದೈತೆ, ಮಾರಿ ಊದಿಸ್ಕೋಬ್ಯಾಡ."

ಇವರ ಆ ಪ್ರಶ್ನೆ ನನ್ನನ್ನು ಇವತ್ತಿಗೂ ಚುಚ್ಚುತ್ತದೆ. ಗಂಡ ಕೆಲಸ ಕಳೆದುಕೊಂಡು ಮನೆಯಲ್ಲಿ ಕೂರುವುದು ನನಗೂ ಬೇಕಿರಲಿಲ್ಲ. ಹಂಚನ್ನು ಎತ್ತಿ ಮತ್ತೆ ಒಲೆಯ ಮೇಲಿಟ್ಟೆ. ಉಳಿದ ಹಿಟ್ಟಿಗೆ ರೊಟ್ಟಿ ತಟ್ಟಿದೆ. ಎಲ್ಲರೂ ಉಂಡೆವು.

ಸನ್ಮಾನ ಬಡಾವಣೆಯ ಪಾರ್ಕಿನಲ್ಲಿ ನಡೆಯಿತು. ಶಾಮಿಯಾನ, ಧ್ವಜ, ಶಾಲೆ ಮಕ್ಕಳ ಕುಣಿತ, ಮೈಕಿನ ಕೀರಲು. ದಂಪತಿ ಸಮೇತ ವೇದಿಕೆಗೆ ಬರಬೇಕು ಎಂದು ಕರೆದರು. ನಾನು ವೇದಿಕೆ ಹತ್ತುವುದಿಲ್ಲ ಎಂದೇ ಮನೆಯಿಂದ ಹೊರಟಿದ್ದೆ. ಆದರೆ ಎಲ್ಲರೂ ತಿರುಗಿ ನನ್ನನ್ನೇ ನೋಡಿದಾಗ ಕಾಲುಗಳು ತಾವೇ ನಡೆದವು. ಹತ್ತುವಾಗ ಕಂಡರು, ಹಿಂದಿನ ಸಾಲಿನ ಕುರ್ಚಿಯಲ್ಲಿ ಹರಿಹರದವರು, ಅವರ ಹೆಂಡತಿ, ನರ್ಸಿಂಗ್ ಮಗಳು. ಯಾರೂ ಕರೆದಿರಲಿಲ್ಲ. ಅಣ್ಣಾರಿಗೆ ಸನ್ಮಾನ ಎಂದು ಯಾರೋ ಹೇಳಿದ್ದನ್ನು ಕೇಳಿ ಬಂದಿದ್ದರು. ಅವಳು ಮಡಿಲಲ್ಲಿ ಬಾಳೆಎಲೆಯಲ್ಲಿ ಸುತ್ತಿದ ಹಾರ ಇಟ್ಟುಕೊಂಡಿದ್ದಳು.

ಇವರ ತಲೆಗೆ ಮೈಸೂರು ಪೇಟ ಇಟ್ಟರು. ನಮ್ಮಿಬ್ಬರಿಗೂ ಸೇರಿಸಿ ಒಂದೇ ಶಾಲು ಹೊದಿಸಿದರು, ಹಣ್ಣಿನ ಬುಟ್ಟಿ ಕೊಟ್ಟರು. ಅಧ್ಯಕ್ಷರು ಮಾತಾಡಿದರು, "ಕತ್ತಲು ಅಂದ್ರೆ ಏನು ಅಂತಾನೇ ಆ ಜನಕ್ಕೆ ಗೊತ್ತಿಲ್ಲದಂಗೆ ನೋಡ್ಕಂಡಾರೆ ನಮ್ ಸಾಹೇಬ್ರು" ಎಂದು. ಜನ ಚಪ್ಪಾಳೆ ತಟ್ಟಿದರು. ನಾನು ಹಿಂದಿನ ಸಾಲು ನೋಡಿದೆ. ಹರಿಹರದವರು ಎರಡೂ ಕೈ ಮೇಲೆತ್ತಿ ತಟ್ಟುತ್ತಿದ್ದರು. ನನಗೆ ಅಲ್ಲೇ ನೆಲ ಬಾಯಿಬಿಟ್ಟು ನುಂಗಬಾರದೇ ಎನ್ನಿಸಿತು. ಒಂದೇ ಶಾಲಿನ ಒಳಗೆ ಇವರ ಮೈ ನನ್ನ ಮೈಗೆ ತಾಗುತ್ತಿತ್ತು, ಬೆವರುತ್ತಿತ್ತು.

ಇವರಿಗೆ ಮೈಕ್ ಕೊಟ್ಟರು. ಈಗ ಹೇಳುತ್ತಾರೆ ಎಂದುಕೊಂಡೆ. ನಿಜವಾಗಿಯೂ ಹಾಗೆ ಅಂದುಕೊಂಡೆ. ಕಡೇಪಕ್ಷ ಹರಿಹರದವರನ್ನು ವೇದಿಕೆಗೆ ಕರೆದು ಆ ಪೇಟವನ್ನು ಅವರ ತಲೆಗಾದರೂ ಇಡುತ್ತಾರೆ ಎಂದು. ಇವರು ಗಂಟಲು ಸರಿಮಾಡಿಕೊಂಡು, "ಎಲ್ಲಾ ನಿಮ್ಮ ಆಶೀರ್ವಾದ" ಎಂದು ಹೇಳಿ ಕೂತುಬಿಟ್ಟರು. ಆಮೇಲೆ ನಿರೂಪಣೆ ಮಾಡುವ ಹುಡುಗಿ ಮೈಕನ್ನು ನನ್ನ ಬಾಯಿಗೆ ಹಿಡಿದಳು. "ಮೇಡಂ, ಸಾಹೇಬರ ಸಾಧನೆ ಬಗ್ಗೆ ಎರಡು ಮಾತು." ಎದುರಿಗೆ ಇಡೀ ವಿದ್ಯಾನಗರ. ಇವರು ಶಾಲಿನ ಒಳಗಿಂದ ನನ್ನ ಮಣಿಕಟ್ಟು ಹಿಡಿದರು. ಗಟ್ಟಿಯಾಗೇನೂ ಅಲ್ಲ, ಜ್ವರ ಬಂದವರು ಹಿಡಿಯುವ ಹಾಗೆ. ನಾನು, ಹಂಚು ಎಸೆದ ನಾನು, "ಎಲ್ಲರಿಗೂ ಧನ್ಯವಾದ" ಎಂದೆ. ಜನ ಮತ್ತೆ ಚಪ್ಪಾಳೆ ತಟ್ಟಿದರು.

ಕೆಳಗಿಳಿದ ಮೇಲೆ ಹರಿಹರದವರ ಹೆಂಡತಿ ಹಾರ ತಂದು ತನ್ನ ಗಂಡನ ಕೈಗೆ ಕೊಟ್ಟಳು. ಅವರು ಇವರ ಕೊರಳಿಗೆ ಹಾಕಿದರು. ಫೋಟೋ ತೆಗೆಯುವವನು ಹತ್ತಿರ ಹತ್ತಿರ ಎಂದು ಎಲ್ಲರನ್ನೂ ಒತ್ತಿ ನಿಲ್ಲಿಸಿದ. ಆ ಫೋಟೋ ಈಗ ನಮ್ಮ ಬಡಾವಣೆಯ ವಾಟ್ಸಾಪ್ ಗ್ರೂಪಿನಲ್ಲಿದೆ. ಎಲ್ಲರೂ ಅದಕ್ಕೆ ಹೂವು, ಚಪ್ಪಾಳೆ ಹಾಕಿದ್ದಾರೆ. ನಾನು ಒಂದು ಸಲ ನೋಡಿ ಮನೆಯ ಫೋನಿನಿಂದ ಅಳಿಸಿದೆ. ಅತ್ತೆ ಮತ್ತೆ ಯಾರಿಂದಲೋ ಹಾಕಿಸಿಕೊಂಡರು.

ಇವರು ಹೊರಡುವ ದಿನ ಬೆಂಗಳೂರಿನ ಗಾಡಿ ಹತ್ತಿಸಲು ರೈಲ್ವೆ ಸ್ಟೇಷನ್ನಿಗೆ ನಾನೊಬ್ಬಳೇ ಹೋಗಿದ್ದೆ. ಹಿಂದಿನ ದಿನಗಳಲ್ಲೆಲ್ಲ ಜಗಳ ಆಡಿ ಆಡಿ ನನ್ನ ಗಂಟಲು ಕಟ್ಟಿತ್ತು. ಹೋದ ತಕ್ಷಣ ಮ್ಯಾನೇಜರ್ ಹತ್ತಿರ ಮಾತಾಡುತ್ತೇನೆ ಎಂದು ಇವರು ಮಾತು ಕೊಟ್ಟಿದ್ದರು. ಏನೆಂದು ಮಾತಾಡುತ್ತೀರಿ, ನಿಜ ಹೇಳುತ್ತೀರಾ ಎಂದರೆ, "ನಿಜ ಹೇಳಿದ್ರೆ ನಾನೇ ಇರಲ್ಲ, ಬ್ಯಾರೆ ಥರ ಹೇಳ್ತೀನಿ" ಎನ್ನುತ್ತಿದ್ದರು. ಗಾಡಿ ಬರುವ ಹೊತ್ತಿಗೆ ಹರಿಹರದವರ ಹೆಂಡತಿ ಬಂದಳು. ಹರಿಹರದಿಂದ ಬಸ್ಸಿನಲ್ಲಿ ಬಂದು, ಬಸ್‌ಸ್ಟ್ಯಾಂಡಿನಿಂದ ಬಿರಬಿರನೆ ನಡೆದು ಬಂದಿದ್ದಳು. ಅವಳ ಗಂಡ ಯಾವುದೋ ಲೇತ್ ಶಾಪಿನಲ್ಲಿ ದಿನಗೂಲಿಗೆ ಸೇರಿದ್ದರಂತೆ, ರಜೆ ಕೊಡಲಿಲ್ಲವಂತೆ. ಕೈಯಲ್ಲಿ ಬಟ್ಟೆ ಗಂಟು. ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ, ಕೆಂಪು ಮೆಣಸಿನಕಾಯಿ ಚಟ್ನಿ.

"ತಗೋರಿ ಅಣ್ಣಾರೆ, ಅಲ್ಲಿ ರೊಟ್ಟಿ ಸಿಗಲ್ಲ ಅಂತ ನಮ್ಮನೆಯವ್ರು ಹೇಳ್ತಿರ್ತಾರೆ."

"ಯಾಕಮ್ಮ ಇದೆಲ್ಲಾ" ಎನ್ನುತ್ತಲೇ ಇವರು ತೆಗೆದುಕೊಂಡರು. ಅವಳ ಮುಖ ನೋಡಲಿಲ್ಲ. ಗಂಟನ್ನು ಸೀಟಿನ ಕೆಳಗೆ ತಳ್ಳಿ, ಕಿಟಕಿಯಿಂದ ನನಗೊಂದು, ಅವಳಿಗೊಂದು ಕೈ ಬೀಸಿದರು. ಗಾಡಿ ಹೋಯಿತು.

ನಾವಿಬ್ಬರೇ ಉಳಿದೆವು. ನನಗೆ ಇನ್ನು ತಡೆಯಲಾಗಲಿಲ್ಲ. ವೇದಿಕೆಯ ಮೇಲೆ ಬಾರದ ಮಾತು ಆ ಜನಸಂದಣಿಯಲ್ಲಿ ಬಂತು. "ನೋಡಮ್ಮಾ, ಕರ್ಪೂರ ಹಚ್ಚಿದ್ದು ನಿನ್ನ ಗಂಡ ಅಲ್ಲ. ನಮ್ಮನೆಯವ್ರು. ನಾನು ಕಣ್ಣಾರೆ ನೋಡೀನಿ" ಎಂದೆ. ಹೇಳಿ ನಿಂತೆ. ಉಗಿಯಲಿ, ಬೈಯಲಿ, ಕೆನ್ನೆಗೆ ಬಾರಿಸಲಿ, ಏನಾದರೂ ಮಾಡಲಿ ಎಂದು.

"ಗೊತ್ತೈತ್ರಿ ಅಕ್ಕಾರೆ" ಎಂದಳು. "ನಮ್ಮನೆಯವ್ರು ಬಂದ ದಿನಾನೇ ಹೇಳಿದ್ರು."

"ಗೊತ್ತಿದ್ದೂ ಹಾರ ತಂದ್ಯಾ? ಗೊತ್ತಿದ್ದೂ ರೊಟ್ಟಿ ಕಟ್ಕಂಡು ಬಂದ್ಯಾ?"

ಅವಳು ಸೆರಗಿನಿಂದ ಕುತ್ತಿಗೆಯ ಬೆವರು ಒರೆಸಿಕೊಂಡಳು. "ಅಲ್ಲಿ ಹೋದ ಮ್ಯಾಲೆ ಅಣ್ಣಾರು ಮರೀಬಾರ್ದಲ್ರಿ. ಊಟಕ್ಕೆ ಕುಂತಾಗಾದ್ರೂ ನಮ್ಮನೆಯವ್ರ ನೆನಪಾಗ್ಲಿ ಅಂತ. ನಮ್ಗೆ ಬ್ಯಾರೆ ಯಾರದಾರೆ ಹೇಳ್ರಿ." ಇನ್ನೂ ಹತ್ತಿರ ಬಂದಳು. "ಈ ಮಾತು ನೀವು ಮತ್ತೆ ಎಲ್ಲೂ ಆಡಬ್ಯಾಡ್ರಿ ಅಕ್ಕಾರೆ. ಅಣ್ಣಾರ ಕೆಲ್ಸಕ್ಕೇನಾದ್ರೂ ಆದ್ರೆ ನಮ್ ದಾರಿನೂ ಮುಚ್ಚಿಹೋಗ್ತೈತೆ. ನಿಮ್ ಮಾತು ಕೇಳ್ತಾರೆ, ಫೋನ್ ಬಂದಾಗ ಒಂದ್ ಮಾತು ನೆನಪು ಮಾಡ್ರಿ, ಸಾಕು."

ನನ್ನ ಬಾಯಿ ಮುಚ್ಚಿಸಲು ಇವರು ಮಣಿಕಟ್ಟು ಹಿಡಿದಿದ್ದರು. ಅವಳು ಹಿಡಿದದ್ದು ನನ್ನ ಕಾಲು. ಬ್ಯಾಡಮ್ಮಾ ಎಂದು ನಾನು ಹಿಂದೆ ಸರಿಯುವಷ್ಟರಲ್ಲಿ, ಅಷ್ಟು ಜನರ ನಡುವೆ ಬಗ್ಗಿ, ಎರಡೂ ಕೈಯಲ್ಲಿ ನನ್ನ ಪಾದ ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು. ಸುತ್ತ ನಿಂತ ಜನ, ನಾನು ಅವಳಿಗೆ ಏನೋ ದೊಡ್ಡ ಉಪಕಾರ ಮಾಡಿದ್ದೇನೆ ಎಂದುಕೊಂಡರು.